ಸಗಾಡಾ: ಮುಗಿಲ ನಡುವಣ ಊರು

ದ್ವೀಪಾಂತರವೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಸಿಂಹಳ. ಅದನ್ನು ಬಿಟ್ಟರೆ ಜಾವಾ, ಬಾಲಿಗಳು. ಅವುಗಳಿಗೂ ಈಶಾನ್ಯಕ್ಕೆ, ಶಾಂತಸಾಗರದ ಪಶ್ಚಿಮದಂಚಿನಲ್ಲಿ, ಸರ ಹರಿದು ಚೆಲ್ಲಿದ ಮಣಿಗಳಂತೆ ಹರಡಿಕೊಂಡಿರುವ ಫಿಲಿಪ್ಪೀನ್ ದ್ವೀಪಗಳ ಕಡೆಗೆ ಕನ್ನಡಿಗರ ಲಕ್ಷ್ಯವು ಹರಿಯುವುದು ಅಪರೂಪ. ಈ ದ್ವೀಪಗಳ ಸಂಖ್ಯೆ ೭,೬೪೧ ಎಂದು ಅಲ್ಲಿಯ ಸರ್ಕಾರದವರು ಎಣಿಸಿದ್ದಾರೆ. ಅವುಗಳಲ್ಲೆಲ್ಲ ದೊಡ್ಡದು ಲೂಝಾನ್. ಅದರ ಉತ್ತರಾರ್ಧದಲ್ಲಿ ಕಾರ್ಡಿಲ್ಯೆರಾ ಎಂಬ ಗಿರಿಶ್ರೇಣಿಯುಂಟು. ಆ ಶ್ರೇಣಿಯ ನಡುವೆ, ಸಮುದ್ರಮಟ್ಟಕ್ಕೆ ಸುಮಾರು ೫,೦೦೦ ಅಡಿಗಳ ಎತ್ತರದಲ್ಲಿ, ದೇವದಾರುವಿನ ಬಳಗದ ಮರಗಳ ನೆರಳಿನಲ್ಲಿ, ಸಗಾಡಾ ಎಂಬ ಊರು ಕುಳಿತಿದೆ. ಹತ್ತೊಂಬತ್ತು ಹಳ್ಳಿಗಳು ಸೇರಿ ಆದ ಪುರಸಭೆ. ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಈ ಚಿಕ್ಕ ಊರಿನಲ್ಲಿ ನಾವು ಕಳೆದ ನಾಲ್ಕು ದಿನಗಳ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊರಡುವ ಮೊದಲು ಆ ದೇಶವು ನಮಗೆ ಕೇವಲ ಪರದೇಶವೆಂದೇ ಭಾವಿಸಿದ್ದೆವು. ಮನಿಲಾ ನಗರದಲ್ಲಿ ಇಳಿದ ದಿನವೇ ಆ ಭಾವನೆ ಸಡಿಲವಾಯಿತು. ಅಲ್ಲಿಯ ತಗಾಲೊಗ್ ಭಾಷೆಯಲ್ಲಿ ಉಪಾಧ್ಯಾಯನಿಗೆ ‘ಗುರೊ’ ಎನ್ನುವರು, ಮೋರೆಗೆ ‘ಮುಖಾ’ ಎನ್ನುವರು, ನಂಬಿಕೆಯಿಂದ ಕಾಯುವುದು ‘ಆಸಾ’, ವನದೇವತೆ ‘ದಿವಾತಾ’. ಸಂಸ್ಕೃತದ ಈ ಮಾತುಗಳು ಮಲಯ, ಜಾವಾಗಳ ವರ್ತಕರ ನಾಲಗೆಯ ಮೇಲೆ ಕುಳಿತು ಅಷ್ಟು ದೂರ ಪಯಣ ಮಾಡಿವೆ. ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ತಾಮ್ರಶಾಸನವುಂಟು. ಲಗೂನಾ ಎಂಬ ಪ್ರಾಂತದಲ್ಲಿ ದೊರೆತದ್ದು. ಅದರ ಕಾಲವು ಶಕವರ್ಷ ೮೨೨, ವೈಶಾಖ ಮಾಸ, ಎಂದರೆ ಕ್ರಿ. ಶ. ೯೦೦. ಲಿಪಿಯು ಜಾವಾದ ಕವಿ ಲಿಪಿ. ಅದರ ಮೂಲವೋ ನಮ್ಮ ದಕ್ಷಿಣದ ಪಲ್ಲವ ಲಿಪಿ. ಒಬ್ಬನ ಸಾಲವು ತೀರಿತೆಂದೂ ಅವನ ಸಂತತಿಗೆ ಇನ್ನು ಆ ಋಣವಿಲ್ಲವೆಂದೂ ಅದರಲ್ಲಿ ಬರೆದಿದೆ. ಶಕವರ್ಷ, ಮಾಸ, ಪಕ್ಷಗಳನ್ನು ಹೇಳಿ ಆರಂಭವಾಗುವ ಶಾಸನಗಳನ್ನು ನಮ್ಮೂರ ಗುಡಿಯ ಮುಂದೆ ಕಂಡು ಬೆಳೆದ ನಮಗೆ, ಅಷ್ಟು ದೂರದಲ್ಲಿ ಆ ತಗಡನ್ನು ನೋಡಿದಾಗ ಹಳೆಯ ನಂಟರ ಕೈಬರಹವನ್ನು ಕಂಡಂತಾಯಿತು.

ಮನಿಲಾದಿಂದ ಸುಮಾರು ೧೫೫ ಮೈಲಿ ಉತ್ತರಕ್ಕೆ ಬಾಗ್ಯೊ ಎಂಬ ಗಿರಿಧಾಮವಿದೆ. ಇಂಗ್ಲಿಷರಿಗೆ ಉದಕಮಂಡಲವಿದ್ದಂತೆ ಫಿಲಿಪ್ಪೀನ್‌ಗಳನ್ನು ಆಳಿದ ಅಮೆರಿಕದವರಿಗೆ ಬಾಗ್ಯೊ. ಅಲ್ಲಿಂದ ಸಗಾಡಾಕ್ಕೆ ಮತ್ತೆ ೯೦ ಮೈಲಿಗಳ ಬೆಟ್ಟದ ದಾರಿ. ಬಸ್ಸಿನಲ್ಲಿ ಐದಾರು ತಾಸುಗಳ ಪಯಣ. ೧೯೨೦ರ ದಶಕದಲ್ಲಿ ಈ ದಾರಿಯನ್ನು ಕಡಿಸಿದ ಹಾಲ್ಸೆಮಾ ಎಂಬ ಅಮೆರಿಕದ ಇಂಜಿನಿಯರನ ಹೆಸರನ್ನೇ ದಾರಿಗೆ ಇಟ್ಟಿದ್ದಾರೆ. ಒಂದೆಡೆ ಅದು ೭,೪೦೦ ಅಡಿಗಳಷ್ಟು ಎತ್ತರಕ್ಕೆ ಏರುವುದು. ಒಂದು ಪಕ್ಕಕ್ಕೆ ಕಡಿದ ಬೆಟ್ಟ, ಇನ್ನೊಂದು ಪಕ್ಕಕ್ಕೆ ಕಣ್ಣು ಮುಟ್ಟದ ಕಣಿವೆ; ಕಣಿವೆಯ ಇಳಿಜಾರಿನಲ್ಲೆಲ್ಲ ಕೋಸು, ಗಜ್ಜರಿ, ಆಲೂಗಡ್ಡೆಗಳ ಮಡಿಗಳು. ಬಸ್ಸಿನ ಸಾರಥಿಯು ಮಂಜಿನಲ್ಲಿ ತಿರುವುಗಳನ್ನು ದಾಟುವಾಗ ನಮ್ಮ ಮನೆಯಾಕೆಯು ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದಳು. ಕಾಲೇಜಿನಲ್ಲಿ ಓದುವ ನಮ್ಮ ಮಗನು ಕಿಟಕಿಯಿಂದ ತಲೆ ಹೊರಗಿಟ್ಟು ಚಿತ್ರ ತೆಗೆಯುವುದರಲ್ಲಿಯೇ ಮಗ್ನನಾಗಿದ್ದನು. ಅಕ್ಟೋಬರ್ ೨೯ರ ಸಂಜೆ ನಾವು ಮೂವರೂ ಸುಖವಾಗಿ ಸಗಾಡಾವನ್ನು ಸೇರಿದೆವು.

ಊರಿನ ಹೆಸರಿಗೆ ಒಂದು ಕಥೆಯುಂಟು. ಸ್ಪೇನಿನ ಸಿಪಾಯಿಗಳು ಈ ಕಡೆಗೆ ಮೊದಲು ಬಂದಾಗ ಮೀನು ಹಿಡಿಯುವ ಬುಟ್ಟಿಯನ್ನು ಹೊತ್ತ ಒಬ್ಬನನ್ನು ಕಂಡು, ‘ಇದು ಯಾವ ಊರು?’ ಎಂದು ಕೇಳಿದರಂತೆ. ತನ್ನ ಬುಟ್ಟಿಯ ಹೆಸರನ್ನು ಕೇಳುತ್ತಿದ್ದಾರೆಂದು ತಿಳಿದು ಅವನು ‘ಸಗಾಡಾ’ ಎಂದನಂತೆ. ಕಥೆಯು ನಿಜವೋ ಸುಳ್ಳೋ, ಸ್ಪೇನಿನವರಿಗೆ ಈ ಬೆಟ್ಟದ ಜನರು ಅರ್ಥವಾಗಲಿಲ್ಲವೆಂಬುದು ಮಾತ್ರ ನಿಜ. ೧೫೬೫ರಿಂದ ೧೮೯೮ರ ವರೆಗೆ ಮುನ್ನೂರು ವರ್ಷಗಳಿಗೂ ಮೀರಿ ಅವರು ದ್ವೀಪಗಳನ್ನು ಆಳಿದರೂ ಕಾರ್ಡಿಲ್ಯೆರಾದ ಜನರನ್ನು ಪೂರ್ಣವಾಗಿ ವಶಪಡಿಸಿಕೊಳ್ಳಲಾರದೆ ಹೋದರು. ಹೊರಗಿನವರು ಇವರನ್ನೆಲ್ಲ ಒಟ್ಟಾಗಿ ‘ಇಗೊರೊತ್’ ಎಂದು ಕರೆದರು. ‘ಬೆಟ್ಟದವರು’ ಎಂಬುದು ಅದರ ತಾತ್ಪರ್ಯ. ಸಗಾಡಾದವರ ನುಡಿಯು ಕಂಕನಾಯ್. ೧೯೦೪ರಲ್ಲಿ ಸ್ಟಾಂಟನ್ ಎಂಬ ಅಮೆರಿಕದ ಪಾದ್ರಿಯು ಇಲ್ಲಿಗೆ ಬಂದು ಮಠವನ್ನು ಕಟ್ಟಿದನು. ದೇಶದ ಬಹುಭಾಗ ರೋಮಿನ ಕ್ಯಾಥೊಲಿಕ್ ಮತವನ್ನು ಅನುಸರಿಸಿದರೆ, ಈ ಊರಿನಲ್ಲಿ ಮಾತ್ರ ಆಂಗ್ಲಿಕನ್ ಪಂಥದವರೇ ಹೆಚ್ಚು. ಕನ್ಯಾಮರಿಯ ಹೆಸರಿನ ಕಲ್ಲಿನ ಇಗರ್ಜಿಯು ಊರ ನಡುವೆ ನಿಂತಿದೆ. ಅದರ ಹಿಂದಿನ ಗುಡ್ಡವೇ ಊರಿನ ಸಮಾಧಿಸ್ಥಳ.

ಇಲ್ಲಿಗೆ ಬಂದ ಪ್ರವಾಸಿಗಳು ಮೊದಲು ಪುರಸಭೆಯ ಕಟ್ಟಡಕ್ಕೆ ಹೋಗಿ ಹೆಸರು ಬರೆಸಿ, ಸಣ್ಣದೊಂದು ಶುಲ್ಕವನ್ನು ಕೊಡಬೇಕು. ಗವಿಗಳಿಗಾಗಲಿ ಜಲಪಾತಕ್ಕಾಗಲಿ ಊರಿನ ಮಾರ್ಗದರ್ಶಿಗಳಿಲ್ಲದೆ ಹೋಗಕೂಡದು. ನಮ್ಮ ಪಾಲಿಗೆ ಬಂದವಳು ನಲವತ್ತೈದು ವರ್ಷದ ಒಬ್ಬ ಹೆಂಗಸು. ಹಿರಿಯ ಹೆಣ್ಣುಮಕ್ಕಳನ್ನು ಅಲ್ಲಿ ‘ಮನಾಂಗ್’ ಎಂದು ಕರೆಯುವರು, ಅಕ್ಕ ಎಂದಂತೆ. ನಾವೂ ಹಾಗೆಯೇ ಕರೆದೆವು. ಅವಳಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿದ್ದಿತು. ಮಾತು ಕಡಿಮೆ, ನಗು ಹೆಚ್ಚು.

ಮೊದಲನೆಯ ದಿನವೇ ನಾವು ಒಂದು ಪಾಠವನ್ನು ಕಲಿಯಬೇಕಾಯಿತು. ಬೊಮೊದ್-ಒಕ್ ಎಂಬ ಜಲಪಾತವನ್ನು ನೋಡಬೇಕೆಂದು ಬೆಳಗಾಗುತ್ತಲೇ ಸಿದ್ಧರಾಗಿ ನಿಂತೆವು. ಮನಾಂಗಳು ಬಂದು, ‘ಈ ದಿನ ಆಗದು, ಆ ಹಳ್ಳಿಯವರು ಒಬಾಯಾ ಸಾರಿದ್ದಾರೆ’ ಎಂದಳು. ಬಿತ್ತನೆ, ನಾಟಿ, ಕೊಯ್ಲುಗಳ ಕಾಲಕ್ಕೆ ಸರಿಯಾಗಿ ಹಿರಿಯರು ಬೆಗ್ನಾಸ್ ಎಂಬ ಪೂಜೆಯನ್ನು ನಡೆಸುವರು; ಅದರೊಡನೆ ಒಬಾಯಾ ಎಂಬ ವಿಶ್ರಾಂತಿಯ ದಿನಗಳನ್ನು ವಿಧಿಸುವರು. ಆ ದಿನಗಳಲ್ಲಿ ಯಾರೂ ಗದ್ದೆಗೆ ಇಳಿಯಕೂಡದು. ಹೊರಗಿನವರು ಗದ್ದೆಯ ಬದುವಿನ ಮೇಲೆ ಕಾಲಿಡಲೂ ಕೂಡದು. ಜಲಪಾತಕ್ಕೆ ದಾರಿಯೋ ಗದ್ದೆಗಳ ನಡುವೆ. ನಾವು ದೂರದ ದೇಶದಿಂದ ಬಂದವರು, ಬೇಕಾದರೆ ಇನ್ನಷ್ಟು ಹಣ ಕೊಡೋಣ, ಎಂದು ನಾಚಿಕೆಯಿಲ್ಲದೆ ಹೇಳಿಬಿಟ್ಟೆವು. ಅವಳು ಕೋಪಿಸಿಕೊಳ್ಳಲಿಲ್ಲ. ‘ಇನಯಾನ್’ ಎಂದಳು, ಅಷ್ಟೆ. ಆ ಮಾತಿಗೆ ಸರಿಯಾದ ಕನ್ನಡ ಶಬ್ದ ನಮಗೆ ತೋಚದು. ‘ಅದು ಮಾಡತಕ್ಕದ್ದಲ್ಲ, ಮಾಡಿದರೆ ಎಲ್ಲಿಂದಲೋ ಬಂದು ತಟ್ಟುವುದು’ ಎಂಬ ಅರ್ಥವೆಲ್ಲ ಆ ಒಂದು ಮಾತಿನಲ್ಲಿದೆ. ಎಳೆಯ ಮಕ್ಕಳು ಬಿದ್ದ ಅನ್ನವನ್ನು ತುಳಿದಾಗ ನಮ್ಮ ಅಜ್ಜಿಯಂದಿರು ಥಟ್ಟನೆ ನುಡಿಯುವ ಮಾತಿನ ಧಾಟಿಯೇ ಅದು. ನಮಗೆ ಮತ್ತೆ ಮಾತು ಹೊರಡಲಿಲ್ಲ.

ಅವಳು ನಮ್ಮನ್ನು ಊರೊಳಗಿನ ಒಂದು ದಪಾಯ್ ತೋರಿಸಲು ಕರೆದುಕೊಂಡು ಹೋದಳು. ಕಲ್ಲು ಹಾಸಿದ ದುಂಡನೆಯ ಅಂಗಳ. ಸುತ್ತಲೂ ಒರಗಲು ಅನುಕೂಲವಾದ ಕಲ್ಲಿನ ಪೀಠಗಳು. ನಡುವೆ ಬೆಂಕಿಯ ಕುಳಿ. ಕೇರಿ ಕೇರಿಗೂ ಇಂಥದೊಂದುಂಟು. ಕೇರಿಯ ಹಿರಿಯರು ಕುಳಿತು ವ್ಯಾಜ್ಯಗಳನ್ನು ತೀರಿಸುವುದೂ ಪೂಜೆಯ ದಿನವನ್ನು ಗೊತ್ತುಮಾಡುವುದೂ ಇಲ್ಲಿಯೇ. ನಮ್ಮ ಹಳ್ಳಿಗಳ ಅರಳಿಕಟ್ಟೆಯನ್ನು ನೆನೆದುಕೊಂಡರೆ ವಾಚಕರಿಗೆ ಇದು ಅರ್ಥವಾಗುವುದು. ಹಳ್ಳಿಯ ಮೇಲುಗಡೆ ಕೊಡಲಿ ತಾಗಿಸಕೂಡದ ಮರಗಳ ತೋಪೊಂದುಂಟು. ಬಲಿಪೂಜೆಗಳು ಅಲ್ಲಿ ನಡೆಯುವುವು. ಕೊಡಗಿನ ದೇವರ ಕಾಡುಗಳನ್ನು ಬಲ್ಲವರಿಗೆ ಅದೇನೂ ಹೊಸದಲ್ಲ. ಭಾನುವಾರ ಇಗರ್ಜಿಗೆ ಹೋಗುವ ಜನರೇ ಇಲ್ಲಿಗೂ ಬರುವರು. ಎರಡರ ನಡುವೆ ವಿರೋಧವನ್ನು ಅವರು ಕಂಡಂತೆ ತೋರಲಿಲ್ಲ.

ಆ ಮಧ್ಯಾಹ್ನ ಇಗರ್ಜಿಯ ಹಿಂದಿನ ಗುಡ್ಡವನ್ನು ದಾಟಿ ‘ಮಾರ್ದನಿಯ ಕಣಿವೆ’ ಎಂದು ಪ್ರವಾಸಿಗಳು ಕರೆಯುವ ಸ್ಥಳಕ್ಕೆ ಇಳಿದೆವು. ಎದುರಿಗೆ ನೆಟ್ಟಗೆ ನಿಂತ ಬೂದುಬಣ್ಣದ ಸುಣ್ಣಕಲ್ಲಿನ ಗೋಡೆ. ಆ ಗೋಡೆಯ ಮೇಲೆ, ನೆಲದಿಂದ ಎಷ್ಟೋ ಎತ್ತರದಲ್ಲಿ, ಕಲ್ಲಿಗೆ ಬಡಿದ ಕಟ್ಟುಗಳ ಆಧಾರದಿಂದ ಮರದ ಶವಪೆಟ್ಟಿಗೆಗಳು ತೂಗಾಡಿಸಿದಂತೆ ನಿಂತಿವೆ. ಹಳೆಯ ಪೆಟ್ಟಿಗೆಗಳು ಬಹಳ ಗಿಡ್ಡ. ತಾಯಿಯ ಗರ್ಭದಲ್ಲಿ ಶಿಶುವು ಮುದುಡಿಕೊಂಡಿರುವ ಭಂಗಿಯಲ್ಲಿಯೇ ಮನುಷ್ಯನು ಹಿಂದಿರುಗಬೇಕೆಂಬುದು ಅವರ ಭಾವನೆ; ಆದುದರಿಂದ ಮೃತದೇಹವನ್ನು ಮಡಿಸಿ ಇಡುತ್ತಿದ್ದರು. ಮೊದಲು ಕೆಲವು ದಿನ ದೇಹವನ್ನು ಒಂದು ಮರದ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಬಂಧುಬಳಗದವರು ಜಾಗರಣೆ ಮಾಡುವರು. ಆ ಕುರ್ಚಿಗಳಲ್ಲಿ ಕೆಲವು ಪೆಟ್ಟಿಗೆಗಳ ಪಕ್ಕದಲ್ಲಿಯೇ ತೂಗುತ್ತಿದ್ದುವು. ಬಲವಿರುವಾಗಲೇ ತಮ್ಮ ಪೆಟ್ಟಿಗೆಯನ್ನು ತಾವೇ ಕೊರೆದಿಟ್ಟುಕೊಂಡ ಮುದುಕರೂ ಉಂಟಂತೆ. ಮೊಮ್ಮಕ್ಕಳನ್ನು ಕಂಡು, ಹಳೆಯ ಆಚಾರಗಳನ್ನು ನಡೆಸಿ ಬಾಳಿದವರಿಗೆ ಮಾತ್ರ ಈ ಎತ್ತರದ ಸ್ಥಾನ. ಪಿತೃಗಳಿಗೆ ಹತ್ತಿರವಾಗಿ, ನಾಯಿನರಿಗಳಿಗೂ ನೆಲದ ತೇವಕ್ಕೂ ದೂರವಾಗಿ ಇರಲೆಂಬುದು ಉದ್ದೇಶ. ಈಚಿನ ದಶಕಗಳಲ್ಲಿ ಇಂಥ ಸಂಸ್ಕಾರವು ತೀರ ವಿರಳವಾಗಿದೆ. ಹೆಚ್ಚಿನವರು ಗುಡ್ಡದ ಮೇಲಣ ಸಮಾಧಿಸ್ಥಳಕ್ಕೇ ಹೋಗುವರು.

ಸ್ಥಳದ ಹೆಸರನ್ನು ಕೇಳಿದ್ದ ನಮ್ಮ ಮಗನು ಮಾರ್ದನಿಯನ್ನು ಪರೀಕ್ಷಿಸಲೆಂದು ಒಮ್ಮೆ ಗಟ್ಟಿಯಾಗಿ ಕೂಗಿದನು. ಕಣಿವೆಯು ಆ ಕೂಗನ್ನು ಎರಡು ಮೂರು ಸಲ ಹಿಂದಕ್ಕೆ ಕೊಟ್ಟಿತು. ಮನಾಂಗಳು ಅವನ ತೋಳನ್ನು ಮೆಲ್ಲನೆ ಮುಟ್ಟಿ, ಎಡದಿಂದ ಮೂರನೆಯ ಪೆಟ್ಟಿಗೆಯನ್ನು ತೋರಿಸಿ, ‘ಅವನು ನನ್ನ ತಾಯಿಯ ಅಜ್ಜ; ಮಲಗಿದ್ದಾನೆ’ ಎಂದಳು. ಹುಡುಗನ ಮುಖವು ಕೆಂಪಾಯಿತು. ಅಷ್ಟರ ವರೆಗೆ ನಾವೂ ಅವುಗಳನ್ನು ಜಾತ್ರೆಯ ಬೆರಗಿನಂತೆಯೇ ನೋಡುತ್ತ ನಿಂತಿದ್ದೆವು. ಕೂಗಿದವನು ಅವನೊಬ್ಬನೆಂಬುದಷ್ಟೇ ವ್ಯತ್ಯಾಸ. ಹಿಂದೆ ಕೆಲವು ಪ್ರವಾಸಿಗಳು ಗವಿಗಳಲ್ಲಿಯ ಪೆಟ್ಟಿಗೆಗಳನ್ನು ತೆರೆದು ಎಲುಬುಗಳನ್ನು ನೆನಪಿನ ವಸ್ತುಗಳೆಂದು ಒಯ್ದುದೂ ಉಂಟಂತೆ. ಮಾರ್ಗದರ್ಶಿಗಳಿಲ್ಲದೆ ಹೋಗಕೂಡದೆಂಬ ಕಟ್ಟಳೆಯ ಅರ್ಥವು ಆಗ ನಮಗೆ ವಿಶದವಾಯಿತು.

ಮರುದಿನ ಗವಿಗಳ ದರ್ಶನ. ಲುಮಿಯಾಂಗ್ ಎಂಬ ಗವಿಯ ಬಾಯಲ್ಲಿ ನೂರಕ್ಕೂ ಮೇಲ್ಪಟ್ಟು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಒಟ್ಟಿದ್ದಾರೆ. ಕೆಲವುಗಳ ಮುಚ್ಚಳದ ಮೇಲೆ ಹಲ್ಲಿಯ ಆಕಾರವನ್ನು ಕೆತ್ತಿದ್ದಾರೆ. ಅಲ್ಲಿ ಕೈಮುಗಿದು, ಸ್ವಲ್ಪ ದೂರದ ಸುಮಾಗಿಂಗ್ ಎಂಬ ದೊಡ್ಡ ಗವಿಗೆ ನಡೆದೆವು. ಮನಾಂಗಳ ಕೈಯಲ್ಲಿ ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್ ದೀಪ. ನಮ್ಮ ಮದುವೆಯ ಚಪ್ಪರಗಳಲ್ಲಿ ಭೋರಿಡುತ್ತಿದ್ದ ಆ ದೀಪವನ್ನು ಎಷ್ಟೋ ವರ್ಷಗಳ ಮೇಲೆ ಆ ಪಾತಾಳದಲ್ಲಿ ಕಂಡು ನಮ್ಮ ಮನೆಯಾಕೆಗೆ ಧೈರ್ಯ ಬಂದಿತು. ಮೊದಲು ಹಕ್ಕಿಬಾವಲಿಗಳ ಹಿಕ್ಕೆಯಿಂದ ಜಾರುವ ಬಂಡೆಗಳ ಮೇಲೆ ಕುಳಿತು, ತೆವಳಿ ಇಳಿಯಬೇಕು. ಅನಂತರ ಪಾದರಕ್ಷೆಗಳನ್ನು ಬಿಟ್ಟು ಬರಿಗಾಲಲ್ಲಿ ನಡೆಯಬೇಕು. ಅಲ್ಲಿಯ ಸುಣ್ಣಕಲ್ಲು ಉಪ್ಪುಕಾಗದದಂತೆ ಒರಟಾದುದರಿಂದ ಅಂಗಾಲಿಗೆ ಹಿಡಿತ ಸಿಕ್ಕುವುದು.

ಈ ಗವಿಗಳ ಉತ್ಪತ್ತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಇಂದು ಮುಗಿಲನ್ನು ಮುಟ್ಟುವ ಈ ನೆಲವು ಲಕ್ಷಾಂತರ ವರ್ಷಗಳ ಹಿಂದೆ ಕಡಲ ತಳವಾಗಿತ್ತು. ಹವಳ, ಚಿಪ್ಪುಗಳ ಸಂಚಯವೇ ಸುಣ್ಣಕಲ್ಲಾಗಿ, ಭೂಮಿಯ ಒತ್ತಡದಿಂದ ಮೇಲಕ್ಕೆದ್ದಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ, ಬಿರುಕುಗಳಲ್ಲಿ ಇಳಿದು, ಆ ಕಲ್ಲನ್ನು ಕರಗಿಸುತ್ತ ಗವಿಯನ್ನು ಕೊರೆಯಿತು. ಕರಗಿದ ಸುಣ್ಣವೇ ಮತ್ತೆ ಹನಿಹನಿಯಾಗಿ ತೊಟ್ಟಿಕ್ಕಿ ಗಟ್ಟಿಯಾಗಿ, ತೂಗುವ ಜಡೆಗಳಾಗಿಯೂ ಮಡಿಕೆಮಡಿಕೆಯಾದ ತೆರೆಗಳಾಗಿಯೂ ನಿಂತಿತು. ದೀಪವನ್ನು ಎತ್ತಿ ಹಿಡಿದರೆ ಗೋಡೆಯಲ್ಲಿ ಚಿಪ್ಪಿನ ಗುರುತುಗಳು ಇನ್ನೂ ಕಾಣುವುವು. ತಳದಲ್ಲಿ ಮೊಣಕಾಲುದ್ದದ ಕೊಳಗಳು. ನೀರು ಹಿಮದಷ್ಟು ತಣ್ಣಗೆ. ಒಂದೆಡೆ ಮನಾಂಗಳು ದೀಪವನ್ನು ಬಂಡೆಯ ಮರೆಗಿಟ್ಟು ಸುಮ್ಮನಿರಲು ಹೇಳಿದಳು. ಕತ್ತಲೆಯಲ್ಲಿ ಹನಿ ಬೀಳುವ ಶಬ್ದವೊಂದೇ ಕೇಳಿಸುತ್ತಿದ್ದಿತು. ನಮ್ಮ ಮಗನು ಈ ಸಲ ಕೂಗಲಿಲ್ಲ.

ನವೆಂಬರ್ ೧ರ ಬೆಳಗ್ಗೆ ಒಬಾಯಾ ಕಳೆದಿದ್ದಿತು. ಫಿದೆಲಿಸಾನ್ ಎಂಬ ಹಳ್ಳಿಯ ಗದ್ದೆಗಳ ನಡುವೆ, ಊರುಗೋಲನ್ನು ಹಿಡಿದು ನಾವು ಜಲಪಾತಕ್ಕೆ ಇಳಿದೆವು. ಗದ್ದೆಗಳೆಂದರೆ ಬೆಟ್ಟದ ಮೈಯಲ್ಲಿ ಕಲ್ಲುಗೋಡೆಗಳನ್ನು ಕಟ್ಟಿ ಮಾಡಿದ ಮೆಟ್ಟಿಲುಗಳು. ಕೆಲವು ಗದ್ದೆಗಳು ಒಂದು ಜಮಖಾನದಷ್ಟೇ ಅಗಲ. ಸುಣ್ಣವನ್ನಾಗಲಿ ಗಾರೆಯನ್ನಾಗಲಿ ಬಳಸದೆ ಕಲ್ಲಿಗೆ ಕಲ್ಲನ್ನು ಹೊಂದಿಸಿ ನಿಲ್ಲಿಸಿದ ಆ ಗೋಡೆಗಳ ಮೇಲೆ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಇಳಿಯುವುದು. ನೆರೆಯ ಇಫುಗಾವೊ ಪ್ರಾಂತದಲ್ಲಿ ಇಂಥವೇ ಇನ್ನೂ ವಿಸ್ತಾರವಾದ ಗದ್ದೆಗಳಿವೆ. ಅಲ್ಲಿಯ ಐದು ಗುಂಪುಗಳನ್ನು ಯುನೆಸ್ಕೊ ಸಂಸ್ಥೆಯು ೧೯೯೫ರಲ್ಲಿ ಲೋಕದ ಪರಂಪರೆಯ ಸ್ಥಳಗಳಲ್ಲಿ ಸೇರಿಸಿತು. ಅವು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಬಹುಕಾಲ ಹೇಳುತ್ತಿದ್ದರು. ಈಚೆಗೆ ನಡೆದ ಉತ್ಖನನಗಳು ಅವುಗಳಲ್ಲಿ ಬಹುಪಾಲು ಕಳೆದ ನಾಲ್ಕು ಶತಮಾನಗಳಲ್ಲಿ, ಸ್ಪೇನಿನವರಿಗೆ ಸಿಕ್ಕದೆ ಬೆಟ್ಟವನ್ನೇರಿದ ಜನರು ಕಟ್ಟಿದುವೆಂದು ತೋರಿಸಿವೆ. ಕಾಲವು ಕಡಿಮೆಯಾದರೆ ಕೀರ್ತಿಯು ಕಡಿಮೆಯಾಗಲಿಲ್ಲ. ಅಷ್ಟು ಬೇಗ ಅಷ್ಟನ್ನು ಕಟ್ಟಿದವರ ತೋಳಿನ ಬಲವು ಇನ್ನೂ ಹೆಚ್ಚಾಗಿ ತೋರುವುದು.

ಜಲಪಾತವು ಸುಮಾರು ೨೦೦ ಅಡಿ. ನಮ್ಮ ಜೋಗದ ಮುಂದೆ ಎಳೆಯದಾದರೂ, ಕಪ್ಪು ಬಂಡೆಯ ಮೇಲಿನಿಂದ ಒಂದೇ ಧಾರೆಯಾಗಿ ಧುಮುಕಿ ದುಂಡನೆಯ ಮಡುವಿನಲ್ಲಿ ನೊರೆಯಾಗುವ ಅದರ ಸೊಗಸು ಬೇರೆ. ಮೈಮೇಲೆ ತುಂತುರು ಬೀಳುತ್ತಿರಲು ನಾವು ಬಂಡೆಯ ಮೇಲೆ ಕುಳಿತು ಕಟ್ಟಿಕೊಂಡು ತಂದಿದ್ದ ಬುತ್ತಿಯನ್ನು ಬಿಚ್ಚಿದೆವು. ಕೆಂಪಕ್ಕಿಯ ಅನ್ನ ಮತ್ತು ಸೀಮೆಬದನೆಯ ಪಲ್ಯ. ಈ ಬೆಟ್ಟಗಳಲ್ಲಿ ಸೀಮೆಬದನೆಯ ಬಳ್ಳಿಯು ಮನೆಮನೆಯ ಚಪ್ಪರದ ಮೇಲೂ ಹಬ್ಬಿದೆ. ಅಲ್ಲಿಯವರಿಗೆ ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿಯ ಮಾಂಸವು ಪ್ರಿಯ. ನಾವು ಶಾಕಾಹಾರಿಗಳೆಂದು ತಿಳಿಸಿದಾಗ ಮನಾಂಗಳು ನಮ್ಮನ್ನು ಮರುಕದಿಂದ ನೋಡಿದಳು.

ಏರಿ ಬರುವಾಗ ಒಂದು ಕಡೆ ನಾಲ್ಕಾರು ಗದ್ದೆಗಳು ಹುಲ್ಲು ಬೆಳೆದು, ಗೋಡೆ ಉಬ್ಬಿ, ಕಲ್ಲುಗಳು ಕೆಳಗಿನ ಗದ್ದೆಗೆ ಉರುಳಿದ್ದುದು ಕಣ್ಣಿಗೆ ಬಿದ್ದಿತು. ಕಾರಣವನ್ನು ಕೇಳಿದೆವು. ‘ಆ ಮನೆಯ ಹುಡುಗರು ಬಾಗ್ಯೊದಲ್ಲಿದ್ದಾರೆ, ಮಗಳು ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದಾಳೆ, ಮುದುಕಿಗೆ ಕೈಲಾಗದು’ ಎಂದಳು. ಒಂದು ಗದ್ದೆಯನ್ನು ಬಿಟ್ಟರೆ ಅದರಷ್ಟಕ್ಕೆ ಅದು ಹಾಳಾಗಿ ಸುಮ್ಮನಿರದು. ನೀರನ್ನು ಹಿಡಿದು ನಿಲ್ಲಿಸುವವರಿಲ್ಲದೆ ಮಣ್ಣು ಒಣಗಿ ಬಿರುಕು ಬಿಡುವುದು. ಮಳೆಗಾಲದಲ್ಲಿ ಆ ಬಿರುಕುಗಳೊಳಗೆ ನೀರು ನುಗ್ಗಿ ಗೋಡೆಯನ್ನು ಒಳಗಿನಿಂದ ಒತ್ತುವುದು. ಗೋಡೆಯು ಕುಸಿದರೆ ಕೆಳಗಿನವನ ಗದ್ದೆಯೂ ಅದರೊಡನೆ ಹೋಗುವುದು. ಆದುದರಿಂದ ಇಲ್ಲಿ ಒಬ್ಬನ ಸೋಮಾರಿತನವಾಗಲಿ ಬಡತನವಾಗಲಿ ವಲಸೆಯಾಗಲಿ ಅವನೊಬ್ಬನದೇ ಆಗಿ ಉಳಿಯದು. ಇಫುಗಾವೊದ ಗದ್ದೆಗಳನ್ನೂ ಇಂಥ ಕಾರಣಗಳಿಂದಲೇ ೨೦೦೧ರಲ್ಲಿ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಸೇರಿಸಬೇಕಾಯಿತು. ದುರಸ್ತಿಯ ಕೆಲಸಗಳು ನಡೆದ ಮೇಲೆ, ೨೦೧೨ರಲ್ಲಿ, ಆ ಪಟ್ಟಿಯಿಂದ ತೆಗೆದರು. ಹಿಂದೆ ನಾಟಿಗೂ ಗೋಡೆಯ ರಿಪೇರಿಗೂ ಮನೆಗೊಬ್ಬರಂತೆ ಸೇರಿ ಸರದಿಯ ಮೇಲೆ ಒಬ್ಬರಿಗೊಬ್ಬರು ದುಡಿಯುತ್ತಿದ್ದರು. ಅದನ್ನು ಅವರು ಉಬ್-ಉಬ್ಬೊ ಎನ್ನುವರು. ನಮ್ಮ ರೈತರು ಮುಯ್ಯಾಳು ಎನ್ನುವರು. ಈಗಲೂ ಅದು ಇದೆ. ಸೇರುವ ಕೈಗಳು ಕಡಿಮೆಯಾಗಿವೆ.

‘ನೀನು ನಮ್ಮಂಥವರೊಡನೆ ನಡೆದು ಸಂಪಾದಿಸುವ ಹಣವು ಗದ್ದೆಯಿಂದ ಬರುವುದಕ್ಕಿಂತ ಹೆಚ್ಚಲ್ಲವೆ?’ ಎಂದು ನಮ್ಮ ಮನೆಯಾಕೆಯು ಕೇಳಿದಳು. ‘ಹೆಚ್ಚು. ಆದರೆ ನೀವು ಗದ್ದೆಯನ್ನು ನೋಡಲು ಬರುತ್ತೀರಿ. ಗದ್ದೆಯೇ ಇಲ್ಲದಿದ್ದರೆ?’ ಎಂದು ಅವಳು ನಕ್ಕಳು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಊರಿನ ಬಾಗಿಲನ್ನು ಹೊರಗಿನವರಿಗೆ ಮುಚ್ಚಿದಾಗ, ತನ್ನ ಮನೆಯವರನ್ನು ಸಾಕಿದ್ದು ಆ ಎರಡು ತುಂಡು ಗದ್ದೆಗಳೇ ಎಂದು ಹೇಳಿದಳು. ಹಬ್ಬದ ರಜಗಳಲ್ಲಿ ಪ್ರವಾಸಿಗಳು ಕಿಕ್ಕಿರಿದು ಬಂದರೆ ವಸತಿಗೃಹಗಳಿಗೂ ನೀರು ಬೇಕು, ಗದ್ದೆಗಳಿಗೂ ನೀರು ಬೇಕು. ಆ ನೀರಿನ ಮೂಲವೋ ಮೇಲಣ ಕಾಡು. ಆ ಕಾಡಿನ ಬಹುಭಾಗವನ್ನು ಒಂದೊಂದು ವಂಶದವರು ತಮ್ಮ ಪೂರ್ವಿಕರ ಸೊತ್ತಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅದನ್ನು ಬತಾಂಗಾನ್ ಎನ್ನುವರು. ಮನೆಯ ತೊಲೆಗೂ ಒಲೆಯ ಸೌದೆಗೂ ಕೊನೆಯ ಪೆಟ್ಟಿಗೆಗೂ ಮರವು ಅಲ್ಲಿಯದೇ. ಆ ಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರಿನಲ್ಲಿ ನಮ್ಮ ಅಸ್ಸಾಮಿನ ನೆರೆಯ ಖಾಸಿ ಬೆಟ್ಟಗಳ ಹೆಸರು ಅಡಗಿದೆ. ಅಲ್ಲಿಯೂ ಇಲ್ಲಿಯೂ ಬೆಳೆಯುವುದು ಒಂದೇ ಜಾತಿ.

ಈ ಜನರಿಗೆ ತಮ್ಮ ನೆಲದ ಮೇಲಿರುವ ಮಮತೆಯು ಕೇವಲ ಮಾತಿನದಲ್ಲ. ಇಲ್ಲಿಯ ತೊರೆಗಳೆಲ್ಲ ಇಳಿದು ಸೇರುವ ಚಿಕೊ ನದಿಗೆ ೧೯೭೦ರ ದಶಕದಲ್ಲಿ ನಾಲ್ಕು ಕಟ್ಟೆಗಳನ್ನು ಕಟ್ಟಬೇಕೆಂದು ಮಾರ್ಕೋಸನ ಸರ್ಕಾರವು ಯೋಚಿಸಿತು. ಬೊಂತೊಕ್, ಕಳಿಂಗ ಪ್ರಾಂತಗಳ ಹಳ್ಳಿಗಳೂ ಗದ್ದೆಗಳೂ ಪಿತೃಗಳ ಸಮಾಧಿಗಳೂ ಮುಳುಗುವಂತಿದ್ದುವು. ಜನರು ಒಟ್ಟಾಗಿ ಎದುರು ನಿಂತರು. ಅವರ ಮುಖಂಡರಲ್ಲೊಬ್ಬನಾದ ಮಕ್ಲಿಇಂಗ್ ದುಲಾಗ್ ಎಂಬ ಕಳಿಂಗದ ಹಿರಿಯನನ್ನು ೧೯೮೦ರ ಏಪ್ರಿಲ್ ೨೪ರಂದು ಸಿಪಾಯಿಗಳು ಅವನ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. ಕೊನೆಗೆ ಆ ಯೋಜನೆಯನ್ನು ಕೈಬಿಡಬೇಕಾಯಿತು. ಇಂದಿಗೂ ಕಾರ್ಡಿಲ್ಯೆರಾದ ಜನರು ಆ ದಿನವನ್ನು ಸ್ಮರಿಸುವರು.

ಸಂಜೆಯಾಗುತ್ತ ಬಂದಿತು. ಅಂದು ಕ್ರೈಸ್ತರ ಸರ್ವಸಂತರ ದಿನ; ಅಗಲಿದವರನ್ನು ನೆನೆಯುವ ದಿನ. ದೇಶದ ಬೇರೆ ಕಡೆಗಳಲ್ಲಿ ಸಮಾಧಿಗಳ ಮೇಲೆ ಮೇಣದ ಬತ್ತಿಗಳನ್ನು ಹಚ್ಚಿದರೆ, ಸಗಾಡಾದಲ್ಲಿ ರಾಳ ತುಂಬಿದ ಮರದ ಚಕ್ಕೆಗಳನ್ನು ಒಟ್ಟಿ ಬೆಂಕಿ ಹಚ್ಚುವರು. ಇದಕ್ಕೆ ಪನಾಗ್-ಆಪೊಯ್ ಎಂದು ಹೆಸರು. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಯುತ್ತಲೇ ಜನರು ಸೌದೆಯ ಕಟ್ಟುಗಳನ್ನು ಹೊತ್ತು ಗುಡ್ಡವನ್ನೇರಿದರು. ಬಾಗ್ಯೊದಿಂದ, ಮನಿಲಾದಿಂದ, ಸಮುದ್ರದಾಚೆಯಿಂದ ಬಂದ ಮಕ್ಕಳೂ ಮೊಮ್ಮಕ್ಕಳೂ ಆ ಗುಂಪಿನಲ್ಲಿದ್ದರು. ಸಗಾಡಾದಲ್ಲಿ ೧೯೦೯ರಲ್ಲಿ ಹುಟ್ಟಿ, ತನ್ನ ಬೆಟ್ಟದ ಜನರ ಬಾಳನ್ನು ಛಾಯಾಚಿತ್ರಗಳಲ್ಲಿ ಉಳಿಸಿಕೊಟ್ಟು ೧೯೯೫ರಲ್ಲಿ ತೀರಿಕೊಂಡ ಎದುವಾರ್ದೊ ಮಾಸ್ಫೆರೆಯ ಹೆಸರನ್ನು ಯಾರೋ ಹೇಳಿದರು. ೧೯೯೩ರಲ್ಲಿ ತೀರಿಕೊಂಡ ವಿಲಿಯಂ ಹೆನ್ರಿ ಸ್ಕಾಟ್ ಎಂಬ ಇತಿಹಾಸಕಾರನ ಸಮಾಧಿಯೂ ಈ ಊರಿನಲ್ಲಿಯೇ ಇದೆ. ಅವನು ಅಮೆರಿಕದವನು, ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಲು ಬಂದು, ಬೆಟ್ಟದವರ ಚರಿತ್ರೆಯನ್ನು ಅವರ ಪಕ್ಷದಿಂದ ಬರೆದು, ಮಾರ್ಕೋಸನ ಕಾಲದಲ್ಲಿ ಸೆರೆಮನೆಯನ್ನೂ ಕಂಡು, ಈ ಮಣ್ಣಿನಲ್ಲಿಯೇ ಮಲಗಿದನು.

ಕತ್ತಲು ಕವಿಯುವಷ್ಟರಲ್ಲಿ ಗುಡ್ಡವೆಲ್ಲ ಬೆಂಕಿಯ ಕಿರುದೀವಿಗೆಗಳಿಂದ ತುಂಬಿತು. ಕಪ್ಪು ಹೊಗೆ, ರಾಳದ ಕಂಪು, ನಡುನಡುವೆ ಮಕ್ಕಳ ನಗು. ಅಳುವವರು ಯಾರೂ ಕಾಣಲಿಲ್ಲ. ಬಂದವರು ಬೆಂಕಿಯ ಸುತ್ತ ಕುಳಿತು, ತೀರಿಹೋದವರ ಸಂಗಡ ಹರಟೆಗೆ ಕುಳಿತಂತೆ ಮಾತಾಡುತ್ತಿದ್ದರು. ಮನಾಂಗಳು ತನ್ನ ತಂದೆಯ ಸಮಾಧಿಯ ಬಳಿ ಚಕ್ಕೆಗಳನ್ನು ಜೋಡಿಸುತ್ತಿದ್ದಳು. ನಮ್ಮ ಮಗನು ಕೇಳದೆಯೇ ಹೋಗಿ ಅವಳಿಗೆ ಸೌದೆ ಎತ್ತಿಕೊಟ್ಟನು. ಬೆಂಕಿ ಹತ್ತಿದ ಮೇಲೆ ಅವಳು ನಮ್ಮ ಕಡೆ ತಿರುಗಿ, ‘ನಿಮ್ಮಲ್ಲಿ ಈ ಕೆಲಸವನ್ನು ಯಾವಾಗ ಮಾಡುವಿರಿ?’ ಎಂದು ಸಹಜವಾಗಿ ಕೇಳಿದಳು.

ಮಹಾಲಯದ ಪಕ್ಷವೊಂದುಂಟು, ಆಗ ಹಿರಿಯರಿಗೆ ಎಡೆಯಿಡುವೆವು, ಎಂದು ನಾವು ವಿವರಿಸಿದೆವು. ವಿವರಿಸುತ್ತಿರುವಾಗಲೇ ಮಾತು ಗಂಟಲಲ್ಲಿ ತಡೆಯಿತು. ಊರಿನ ಮನೆಗೆ ಬೀಗ ಹಾಕಿ ಆರು ವರ್ಷಗಳಾದುವು. ಗದ್ದೆಯನ್ನು ಗೇಣಿಗೆ ಕೊಟ್ಟಿದ್ದೇವೆ, ಕಳೆದ ಮಳೆಗಾಲದಲ್ಲಿ ಅದರ ಬದುವು ಕೊಚ್ಚಿಹೋಯಿತೆಂದು ಕಾಗದ ಬಂದಿದ್ದಿತು, ಉತ್ತರ ಬರೆಯಲಿಲ್ಲ. ಪಿತೃಪಕ್ಷಕ್ಕೆ ಒಂದು ಕಡೆಗೆ ಹಣವನ್ನು ಕಳುಹಿಸಿ ಕೈತೊಳೆದುಕೊಳ್ಳುತ್ತಿದ್ದೇವೆ. ನಮ್ಮ ಮಗನಿಗೆ ತನ್ನ ಮುತ್ತಜ್ಜನ ಹೆಸರು ಗೊತ್ತಿದೆಯೆ ಎಂದು ಆ ಬೆಂಕಿಯ ಬೆಳಕಿನಲ್ಲಿ ಕೇಳಲು ನಮಗೆ ಧೈರ್ಯವಾಗಲಿಲ್ಲ. ಅವನೇ ಕೇಳಿದನು. ಹೇಳಿದೆವು.

ಮರುದಿನ ಹೊರಡುವ ಮುನ್ನ, ಕಿಲ್ತೆಪಾನ್ ಎಂಬ ದಿಣ್ಣೆಯ ಮೇಲೆ ಸೂರ್ಯೋದಯವನ್ನು ನೋಡಿದೆವು. ಕಣಿವೆಗಳೆಲ್ಲ ಬಿಳಿಯ ಮೋಡದಿಂದ ತುಂಬಿ ಹಾಲಿನ ಕಡಲಿನಂತಿದ್ದುವು. ಅದರಲ್ಲಿ ಬೆಟ್ಟದ ನೆತ್ತಿಗಳು ದ್ವೀಪಗಳಂತೆ ತೇಲುತ್ತಿದ್ದುವು. ದಿಣ್ಣೆಯ ಬದಿಯ ಅಂಗಡಿಯಲ್ಲಿ ಅಲ್ಲಿಯ ತೋಟಗಳದೇ ಆದ ಅರಾಬಿಕಾ ಕಾಫಿಯನ್ನು ಕುಡಿದೆವು. ಚಿಕ್ಕಮಗಳೂರಿನ ಕಾಫಿಗೆ ಒಗ್ಗಿದ ನಾಲಗೆಗೂ ಅದು ಹಿಡಿಸಿತು. ಬಿಸಿಲು ಏರಿದಂತೆ ಮೋಡವು ಕರಗಿ, ಕೆಳಗೆ ಗದ್ದೆಗಳ ಮೆಟ್ಟಿಲುಗಳು ಒಂದೊಂದಾಗಿ ಹೊರಬಂದುವು. ಅಷ್ಟು ಹೊತ್ತಿಗಾಗಲೇ ಒಂದೆರಡು ಗದ್ದೆಗಳಲ್ಲಿ ಬೆನ್ನು ಬಗ್ಗಿಸಿದ ಆಕಾರಗಳು ಕಾಣಿಸಿದುವು. ಮನಾಂಗಳಿಗೆ ವಂದಿಸಿ ಬೀಳ್ಕೊಂಡೆವು. ಅವಳು ‘ಗವಿಸ್’ ಎಂದಳು, ಒಳ್ಳೆಯದು ಎಂದರ್ಥ.

ಪ್ರಕೃತಿಯ ಸೊಬಗನ್ನು ನೋಡಬೇಕೆಂದು ಹೋದೆವು; ಅದನ್ನು ಕಣ್ತುಂಬ ನೋಡಿದೆವು. ಬೆಟ್ಟ, ಗವಿ, ಜಲಪಾತಗಳು ನಮ್ಮ ನಾಡಿನಲ್ಲಿಯೂ ಬೇಕಾದಷ್ಟಿವೆ. ಅವುಗಳ ನಡುವೆ ಬಾಳುವವರು ಹಿಂದಿನವರಿಗೂ ಮುಂದಿನವರಿಗೂ ಜವಾಬುದಾರರಾಗಿ ನಡೆಯುವ ಬಗೆಯನ್ನು ಅಲ್ಲಿ ಕಂಡೆವು. ಸಗಾಡಾಕ್ಕೆ ಹೋಗುವ ವಾಚಕರಿದ್ದರೆ ಅವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಗದ್ದೆಗೆ ಇಳಿಯಬೇಡಿರೆಂದರೆ ಇಳಿಯಬೇಡಿರಿ, ಕಣಿವೆಯಲ್ಲಿ ಕೂಗಬೇಡಿರಿ. ಊರಿಗೆ ಮರಳಿದ ವಾರದಲ್ಲಿ ನಾವು ಆ ಹಳೆಯ ಕಾಗದಕ್ಕೆ ಉತ್ತರ ಬರೆದೆವು. ಬದುವನ್ನು ಕಟ್ಟಿಸುವುದಕ್ಕೆ ನಾವೇ ಬರುವುದಾಗಿಯೂ, ಬರುವ ಮಹಾಲಯಕ್ಕೆ ಮನೆಯ ಬೀಗ ತೆಗೆಯುವುದಾಗಿಯೂ ತಿಳಿಸಿದ್ದೇವೆ. ಬೀಗದ ಕೈಯನ್ನು ಮಗನ ಕೈಗೆ ಕೊಟ್ಟಿದ್ದೇವೆ.